ಬೆಕ್ಕಿನ ಕೂದಲ ಮೀಸೆ, ಅರ್ಥಾತ್ ಗೇಬ್ರಿಯಲ್ ನೈಟ್ ಕೊಲೆ ಕೇಸು

ಒಬ್ಬ ಮನುಷ್ಯನಿಗೆ ಬಾಡಿಗೆಗೆ ಒಂದು ಬೈಕು ಬೇಕು. ಜಾಗ ಫ್ರಾನ್ಸಿನ ದಕ್ಷಿಣದ ಒಂದು ಹಳ್ಳಿ. ಅಂಗಡಿಯವನು ಗಾಡಿ ಕೊಡಬೇಕಾದರೆ ಇವನು ತನ್ನ ಗೆಳೆಯ ಮೋಸ್ಲಿಯ ಹಾಗೆ ವೇಷ ಹಾಕಿಕೊಂಡು ಹೋಗಬೇಕು. ಏನು ಮಾಡುತ್ತಾನೆ? ಶೆಡ್ಡಿನ ಬಾಗಿಲಲ್ಲಿರುವ ತೂತಿಗೆ ಟೇಪು ಅಂಟಿಸುತ್ತಾನೆ. ಅಲ್ಲೇ ಆರಾಮವಾಗಿ ಕೂತ ಬೆಕ್ಕಿನ ಮೇಲೆ ನೀರು ಚಿಮುಕಿಸುತ್ತಾನೆ. ಬೆಕ್ಕು ಗಾಬರಿಬಿದ್ದು ಆ ತೂತಿನಲ್ಲಿ ನುಗ್ಗುತ್ತದೆ, ಅದರ ಕೂದಲು ಟೇಪಿಗೆ ಅಂಟಿಕೊಳ್ಳುತ್ತದೆ. ಆ ಕೂದಲನ್ನು ಸಿರಪ್ಪು ಹಚ್ಚಿ ಮೂಗಿನ ಕೆಳಗೆ ಅಂಟಿಸಿಕೊಂಡರೆ ಮೀಸೆ ರೆಡಿ. ತಮಾಷೆ ಏನೆಂದರೆ ಮೋಸ್ಲಿಗೆ ಮೀಸೆಯೇ ಇಲ್ಲ! ಹಾಗಾಗಿ ಮೋಸ್ಲಿಯ ಪಾಸ್‌ಪೋರ್ಟ್ ಕದ್ದು ಅದರ ಫೋಟೋಗೂ ಮಾರ್ಕರ್ ಪೆನ್ನಿನಲ್ಲಿ ಒಂದು ಮೀಸೆ ಬರೆಯಬೇಕು.

ಇದು 1999ರ ನವೆಂಬರಿನಲ್ಲಿ ಬಂದ 'ಗೇಬ್ರಿಯಲ್ ನೈಟ್ 3' ಎಂಬ ಕಂಪ್ಯೂಟರ್ ಆಟದ ಒಂದು ಒಗಟು. ಕಂಪ್ಯೂಟರ್ ಆಟಗಳ ಇತಿಹಾಸದಲ್ಲಿ ಇದರಷ್ಟು ಬೈಸಿಕೊಂಡ ಒಗಟು ಇನ್ನೊಂದು ಇರಲಿಕ್ಕಿಲ್ಲ. 2000ನೇ ಇಸವಿಯಲ್ಲಿ 'ಓಲ್ಡ್ ಮ್ಯಾನ್ ಮರ್ರೆ' ಎಂಬ ಸೈಟಿನಲ್ಲಿ ಎರಿಕ್ ವುಲ್ಪಾ ಅನ್ನುವವರು ಈ ಒಗಟನ್ನು ಹಂತಹಂತವಾಗಿ ಬಿಡಿಸಿಟ್ಟು, ಅಡ್ವೆಂಚರ್ ಗೇಮುಗಳನ್ನು ಯಾರೂ ಕೊಲ್ಲಲಿಲ್ಲ, ಇಂಥ ಹುಚ್ಚಾಟದಿಂದ ಅವು ತಾವೇ ಸತ್ತವು ಅಂತ ಬರೆದರು. ಬರಹ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತದೆ. ಅದೇ ವುಲ್ಪಾ ಮುಂದೆ ವಾಲ್ವ್ ಕಂಪನಿ ಸೇರಿ 'ಪೋರ್ಟಲ್' (2007) ಬರೆದರು. ಅಷ್ಟು ಚೆನ್ನಾಗಿ ಬರೆಯುವವರು ಹೇಳಿದ ಮೇಲೆ ಕೇಳಬೇಕೆ? ಅಂದಿನಿಂದ ಎಲ್ಲರ ಬಾಯಲ್ಲೂ ಅದೇ ಮಾತು: ಬೆಕ್ಕಿನ ಮೀಸೆ ಅಡ್ವೆಂಚರ್ ಗೇಮುಗಳನ್ನು ಮುಗಿಸಿತು.

ನನಗೆ ಈ ತೀರ್ಪಿನ ಮೇಲೆ ತಕರಾರಿದೆ. ಅದನ್ನು ಹೇಳುವುದಕ್ಕೇ ಈ ಬರಹ. ಉದ್ದ ಆಗುತ್ತದೆ, ಕಾಫಿ ತಂದಿಟ್ಟುಕೊಳ್ಳಿ :-) ಕಥೆಯ ಗುಟ್ಟುಗಳನ್ನು ಅಲ್ಲಲ್ಲಿ ಬಿಟ್ಟುಕೊಟ್ಟಿದ್ದೇನೆ, ಆಡಬೇಕು ಅಂತ ಇರುವವರು ಈಗಲೇ ವಾಪಸ್ ಹೋಗಬಹುದು.

ಮೊದಲು ನನ್ನ ಸ್ವಾರ್ಥ ಹೇಳಿಬಿಡುತ್ತೇನೆ. ಚಿಕ್ಕವನಿದ್ದಾಗ ದೊಡ್ಡಪ್ಪನ ಮಗನ ಹತ್ತಿರ ಒಂದು ಆಟದ ಆರು ಸೀಡಿ ಇದ್ದವು. ಸಿನಿಮಾದ ಹಾಗೇ ನಿಜವಾದ ಮನುಷ್ಯರು ಓಡಾಡುವ ಆಟ. ಮೊದಲ ಸೀಡಿ ಮುಗಿಸಿ ಎರಡನೆಯದು ಹಾಕಿದರೆ ಗೀರು ಬಿದ್ದು ಓದುತ್ತಲೇ ಇರಲಿಲ್ಲ. ತೋಳ ಯಾರು ಅಂತ ಗೊತ್ತಾಗದೇ ಉಳಿಯಿತು. ಹೋದ ವರ್ಷ, ನಾನು ಮೂರು ವರ್ಷ ದುಡಿದ ಪ್ರಾಡಕ್ಟನ್ನು ಕಂಪನಿ ಒಂದು ಬೆಳಗ್ಗೆ ಅರ್ಧ ಗಂಟೆಯ ಕಾಲ್‌ನಲ್ಲಿ ಮುಚ್ಚಿತು. ನೋಟಿಸ್ ಪೀರಿಯಡ್ಡಿನಲ್ಲಿ ಮಾಡಲು ಕೆಲಸವಿಲ್ಲ. ಆಗ ಮೂರೂ ಆಟಗಳನ್ನು ಕೊಂಡು ಶುರುವಿಂದ ಕೊನೆಯವರೆಗೆ ಆಡಿದೆ. ಪ್ರಾಡಕ್ಟ್ ಮುಚ್ಚಿದ್ದು ಯಾಕೆ ಅನ್ನುವ ಮಾತಿಗೆ ಮತ್ತೆ ಬರುತ್ತೇನೆ.

*

ಅಡ್ವೆಂಚರ್ ಗೇಮ್ ಅಂದರೆ ಏನು ಅಂತ ಇವತ್ತಿನವರಿಗೆ ಎರಡು ಸಾಲು. ಗುಂಡು ಹಾರಿಸುವುದಿಲ್ಲ, ಓಡುವುದಿಲ್ಲ. ಒಂದು ಚಿತ್ರ ಇರುತ್ತದೆ, ಅದರಲ್ಲಿ ಕಂಡದ್ದನ್ನು ಮೌಸಿನಿಂದ ಕ್ಲಿಕ್ ಮಾಡಿ ನೋಡುವುದು, ಎತ್ತಿಕೊಳ್ಳುವುದು, ಜನರ ಹತ್ತಿರ ಮಾತಾಡುವುದು. ಕೈಯಲ್ಲಿರುವ ವಸ್ತುವನ್ನು ಸರಿಯಾದ ಜಾಗದಲ್ಲಿ ಬಳಸಿದರೆ ಕಥೆ ಮುಂದಕ್ಕೆ ಹೋಗುತ್ತದೆ. ಇಂಥ ಆಟಗಳಿಗೆ ಅಮೆರಿಕದಲ್ಲಿ ದೊಡ್ಡ ಮನೆತನ ಅಂದರೆ ಸಿಯೆರಾ. ಕೆನ್ ಮತ್ತು ರೊಬರ್ಟಾ ವಿಲಿಯಮ್ಸ್ ಎಂಬ ಗಂಡ-ಹೆಂಡತಿ ಶುರು ಮಾಡಿದ ಕಂಪನಿ. 1980ರಲ್ಲಿ ಆಪಲ್ 2 ಕಂಪ್ಯೂಟರಿಗೆ 'ಮಿಸ್ಟರಿ ಹೌಸ್' ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮಾರಿದರು. ಆಮೇಲೆ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಾಡಿನ ಪಕ್ಕದ ಓಕ್‌ಹರ್ಸ್ಟ್ ಎಂಬ ಸಣ್ಣ ಊರಿನಲ್ಲಿ ನೆಲೆಯೂರಿದರು. 1984ರ 'ಕಿಂಗ್ಸ್ ಕ್ವೆಸ್ಟ್' ಅವರ ಹೆಸರನ್ನು ಮನೆಮಾತು ಮಾಡಿತು.

ಆ ಮನೆಗೆ 1991ರಲ್ಲಿ ಬಂದವರು ಜೇನ್ ಜೆನ್ಸನ್. ಓದಿದ್ದು ಕಂಪ್ಯೂಟರ್ ಸೈನ್ಸ್, ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಪ್ರೋಗ್ರಾಮರ್ ಆಗಿದ್ದರು, ಮನಸ್ಸು ಮಾತ್ರ ಕಥೆ ಬರೆಯುವುದರಲ್ಲಿ. (ನಮ್ಮಲ್ಲಿ ಅರ್ಧ ಜನರ ಕಥೆ ಇದೇ ಅಲ್ಲವೇ?) ರೊಬರ್ಟಾ ಜೊತೆ 1992ರಲ್ಲಿ 'ಕಿಂಗ್ಸ್ ಕ್ವೆಸ್ಟ್ 6' ರೂಪಿಸಿದ ಮೇಲೆ ಸ್ವಂತ ಆಟ ಮಾಡುವ ಅವಕಾಶ ಸಿಕ್ಕಿತು. ರಾಜಕುಮಾರ, ಕಿನ್ನರಿ, ಡ್ರ್ಯಾಗನ್ ಇರುವ ಕಂಪನಿಯಲ್ಲಿ ಈಕೆ ತೆಗೆದುಕೊಂಡು ಹೋಗಿದ್ದು ನರಬಲಿ, ವೂಡೂ, ಪಿತೃಶಾಪದ ಕಥೆ. ಇನ್ನೂ ಸ್ವಲ್ಪ ಖುಷಿಯಾಗಿರುವ ವಿಷಯ ಸಿಗಲಿಲ್ಲವೇ ಅಂತ ಕೆನ್ ವಿಲಿಯಮ್ಸ್ ಗೊಣಗಿ ಒಪ್ಪಿಕೊಂಡರಂತೆ.

1993ರ ಡಿಸೆಂಬರಿನಲ್ಲಿ 'ಸಿನ್ಸ್ ಆಫ್ ದ ಫಾದರ್ಸ್' ಬಂತು. ನ್ಯೂ ಆರ್ಲಿಯನ್ಸ್ ಊರಲ್ಲಿ ಗೇಬ್ರಿಯಲ್ ನೈಟ್ ಅಂತ ಒಬ್ಬ ಸೋಮಾರಿ. ಹಳೇ ಪುಸ್ತಕದ ಅಂಗಡಿ, ಮಾರಾಟವಾಗದ ಕಾದಂಬರಿಗಳು, ಹುಡುಗಿಯರ ಹಿಂದೆ ಓಡಾಟ. ಅಂಗಡಿ ನಿಜವಾಗಿ ನಡೆಸುವುದು ಗ್ರೇಸ್ ನಾಕಿಮುರಾ ಎಂಬ ಜಪಾನಿ ಮೂಲದ ಹುಡುಗಿ. ಊರಲ್ಲಿ ವೂಡೂ ಕೊಲೆಗಳು ನಡೆಯುತ್ತಿವೆ, ಗೇಬ್ರಿಯಲ್ ಅದರ ಮೇಲೆ ಪುಸ್ತಕ ಬರೆಯೋಣ ಅಂತ ಪೊಲೀಸ್ ಗೆಳೆಯ ಮೋಸ್ಲಿಯ ಹಿಂದೆ ಬೀಳುತ್ತಾನೆ. ಹೋಗುತ್ತಾ ಹೋಗುತ್ತಾ ಕೇಸು ಅವನ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಅವನ ಮೂಲ ಜರ್ಮನಿಯ ರಿಟ್ಟರ್ ಮನೆತನ, ಅವರು ಪರಂಪರೆಯಿಂದ 'ಷಾಟನ್‌ಯೇಗರ್', ಅಂದರೆ ನೆರಳಿನ ಬೇಟೆಗಾರರು. ದೆವ್ವ ಪಿಶಾಚಿಗಳ ವಿಚಾರಣೆ ಇವರ ಕುಲಕಸುಬು. 1693ರಲ್ಲಿ ಈ ವಂಶದ ಗುಂಟರ್ ಎಂಬವನು ಗುಲಾಮಳಾಗಿ ಬಂದಿದ್ದ ಟೆಟೆಲೋ ಎಂಬ ಪೂಜಾರಿಣಿಯನ್ನು ಪ್ರೀತಿಸಿ, ನಂತರ ಅವಳು ಸುಟ್ಟು ಸಾಯುವುದಕ್ಕೆ ಕಾರಣನಾದ. ಮುನ್ನೂರು ವರ್ಷದ ನಂತರದ ಕೊಲೆಗಳ ಬೇರು ಅಲ್ಲಿದೆ. ಹಿರಿಯರು ಮಾಡಿದ್ದು ಮಕ್ಕಳ ತಲೆಗೆ ಅನ್ನುವುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇದರಲ್ಲಿ ನನ್ನನ್ನು ಹಿಡಿದದ್ದು ದೆವ್ವ ಅಲ್ಲ, ಹೋಮ್‌ವರ್ಕ್. ಸಿನಿಮಾಗಳಲ್ಲಿ ವೂಡೂ ಅಂದರೆ ಗೊಂಬೆಗೆ ಸೂಜಿ ಚುಚ್ಚುವುದು, ಅಷ್ಟೇ. ಜೆನ್ಸನ್ ಅದರ ಹಿಂದಿನ ದಾರಿ ತೋರಿಸುತ್ತಾರೆ. ಪಶ್ಚಿಮ ಆಫ್ರಿಕಾದ ಬೆನಿನ್ ಕಡೆಯ ನಂಬಿಕೆ, ಗುಲಾಮರ ಹಡಗಿನಲ್ಲಿ ಹೈಟಿಗೆ ಬಂದು, ಅಲ್ಲಿ ಕ್ಯಾಥೊಲಿಕ್ ಸಂತರ ಜೊತೆ ಬೆರೆತು, 1791ರಿಂದ 1804ರವರೆಗಿನ ಹೈಟಿ ಕ್ರಾಂತಿಯ ಅಲೆಯಲ್ಲಿ ಓಡಿಬಂದ ಸಾವಿರಾರು ಜನರ ಜೊತೆ ನ್ಯೂ ಆರ್ಲಿಯನ್ಸಿಗೆ ಇಳಿದದ್ದು. ಆಟದಲ್ಲಿ ಇದನ್ನೆಲ್ಲ ಪಾಠದ ಹಾಗೆ ಕೇಳಬೇಕು. ಟುಲೇನ್ ವಿಶ್ವವಿದ್ಯಾಲಯದ ಉಪನ್ಯಾಸದಲ್ಲಿ ಗೇಬ್ರಿಯಲ್ ನಿದ್ದೆ ಹೊಡೆಯುತ್ತಾನೆ, ನನ್ನ ಕಾಲೇಜು ನೆನಪಾಯಿತು. ವೂಡೂ ರಾಣಿ ಮಾರಿ ಲಾವೋ (ಈಕೆ ನಿಜವಾದ ವ್ಯಕ್ತಿ, 1881ರಲ್ಲಿ ತೀರಿಕೊಂಡಳು) ಸಮಾಧಿಯ ಗೋಡೆಯ ಮೇಲೆ ಗುಪ್ತಲಿಪಿಯ ಸಂದೇಶ ಇರುತ್ತದೆ. ಆ ಸಮಾಧಿಯ ಮೇಲೆ ಹರಕೆ ಹೊತ್ತವರು ಎಕ್ಸ್ ಗುರುತು ಗೀಚುವುದು ನಿಜವಾಗಿಯೂ ಇದ್ದ ರೂಢಿ. ಜೆನ್ಸನ್ ಅದನ್ನೇ ಎತ್ತಿಕೊಂಡು ಒಗಟು ಮಾಡಿದ್ದಾರೆ. ಚೌಕದಲ್ಲಿ ಬಡಿಯುವ ಡೋಲಿನ ತಾಳದಲ್ಲೂ ಸುದ್ದಿ ಇರುತ್ತದೆ, ಪುಸ್ತಕ ನೋಡಿ ಅರ್ಥ ಮಾಡಿಕೊಳ್ಳಬೇಕು. ಒಗಟೂ ಇತಿಹಾಸವೂ ಬೇರೆ ಬೇರೆ ಅನ್ನಿಸುವುದೇ ಇಲ್ಲ.

ಧ್ವನಿ ಕೊಟ್ಟವರು ಟಿಮ್ ಕರಿ, ಮಾರ್ಕ್ ಹ್ಯಾಮಿಲ್ (ಹೌದು, ಸ್ಟಾರ್ ವಾರ್ಸ್‌ನವರೇ), ಸ್ಟಾರ್ ಟ್ರೆಕ್‌ನ ಮೈಕೆಲ್ ಡಾರ್ನ್. ಇಂಗ್ಲೆಂಡಿನ ಟಿಮ್ ಕರಿ ಅಮೆರಿಕದ ದಕ್ಷಿಣದವರ ರಾಗ ಎಳೆಯುವುದು ಕೆಲವರಿಗೆ ಅಲರ್ಜಿ. ನನಗೆ ಇಷ್ಟವಾಯಿತು. ಸಂಗೀತ ರಾಬರ್ಟ್ ಹೋಮ್ಸ್, ಮುಂದೆ ಅವರೇ ಜೆನ್ಸನ್ ಅವರ ಗಂಡ.

*

ಎರಡನೆಯದು 'ದ ಬೀಸ್ಟ್ ವಿದಿನ್', 1995ರ ಡಿಸೆಂಬರ್, ಆರು ಸೀಡಿ. ಅಣ್ಣನ ಮನೆಯ ಆಟ ಇದೇ.

ಮೊದಲ ಆಟದಲ್ಲಿ 256 ಬಣ್ಣಗಳಲ್ಲಿ ಕೈಯಿಂದ ಬಿಡಿಸಿದ ಚಿತ್ರಗಳಿದ್ದವು. ಎರಡು ವರ್ಷದಲ್ಲಿ ಮಾರುಕಟ್ಟೆ ತಲೆಕೆಳಗಾಗಿತ್ತು. ಸೀಡಿ-ರಾಮ್ ಬಂದು, ಎಲ್ಲರಿಗೂ ಆಟದೊಳಗೆ ವಿಡಿಯೋ ಬೇಕು. ಸಿಯೆರಾ ಓಕ್‌ಹರ್ಸ್ಟ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿಸಿತ್ತು, ಅದೇ ವರ್ಷ 'ಫ್ಯಾಂಟಸ್ಮಗೋರಿಯಾ' ಏಳು ಸೀಡಿಯಲ್ಲಿ ಬಂದಿತ್ತು. ಹಾಗಾಗಿ ಗೇಬ್ರಿಯಲ್ ಈಗ ಡೀನ್ ಎರಿಕ್ಸನ್ ಎಂಬ ನಟ, ಗ್ರೇಸ್ ಜೊಆನ್ ಟಾಕಾಹಾಶಿ. ನೀಲಿ ಪರದೆಯ ಮುಂದೆ ನಟನೆ, ಹಿಂದೆ ಜರ್ಮನಿಯಲ್ಲಿ ತೆಗೆದ ನಿಜವಾದ ಜಾಗಗಳ ಫೋಟೋ. ನಮ್ಮ ಕಸುಬಿನವರು ಒಮ್ಮೆ ಯೋಚಿಸಿ: ಒಂದು ಸಂಭಾಷಣೆ ತಪ್ಪಿದ್ದರೆ ಹಾಟ್‌ಫಿಕ್ಸ್ ಕೊಡುವ ಹಾಗಿಲ್ಲ, ನಟನನ್ನೇ ಮತ್ತೆ ಕರೆಸಬೇಕು.

ಇಷ್ಟಾದರೂ ಆಟ ಗೆದ್ದಿತು, 'ಕಂಪ್ಯೂಟರ್ ಗೇಮಿಂಗ್ ವರ್ಲ್ಡ್' ಪತ್ರಿಕೆ ವರ್ಷದ ಆಟ ಎಂದು ಆರಿಸಿತು. ಗೆದ್ದಿದ್ದು ವಿಡಿಯೋದಿಂದಲ್ಲ ಅನ್ನುವುದು ನನ್ನ ನಂಬಿಕೆ. ಎರಡನೇ ಲುಡ್ವಿಗ್ ಎಂಬ ರಾಜನಿಂದ.

ಈ ಲುಡ್ವಿಗ್ ಬವೇರಿಯಾದ ದೊರೆ. 1845ರಲ್ಲಿ ಹುಟ್ಟಿ, 1864ರಲ್ಲಿ ಹದಿನೆಂಟನೇ ವಯಸ್ಸಿಗೇ ಪಟ್ಟಕ್ಕೆ ಬಂದ. ರಾಜ್ಯಭಾರಕ್ಕಿಂತ ಸಂಗೀತಗಾರ ವಾಗ್ನರ್ ಹೆಚ್ಚು, ಅವನ ಸಾಲ ತೀರಿಸಿ ಪೋಷಿಸಿದ. ನೊಯ್‌ಶ್ವಾನ್‌ಸ್ಟೈನ್ ಎಂಬ ಬೆಟ್ಟದ ಮೇಲಿನ ಅರಮನೆ ಕಟ್ಟಿಸಿದ, ಕ್ಯಾಲೆಂಡರುಗಳಲ್ಲಿ ನೀವು ನೋಡಿಯೇ ಇರುತ್ತೀರಿ. ಹಗಲು ಮಲಗಿ ರಾತ್ರಿ ಎದ್ದಿರುತ್ತಿದ್ದ, ಹಿಮದಲ್ಲಿ ನಡುರಾತ್ರಿ ಗಾಡಿ ಹೊಡೆಸಿಕೊಂಡು ಅಲೆಯುತ್ತಿದ್ದ, ಜನರ ಮುಖ ನೋಡಲು ಒಲ್ಲೆ ಅನ್ನುತ್ತಿದ್ದ. 1886ರ ಜೂನಿನಲ್ಲಿ ಮಂತ್ರಿಗಳು ಅವನಿಗೆ ಹುಚ್ಚು ಎಂದು ವೈದ್ಯರ ವರದಿ ಬರೆಸಿದರು. ಆ ವೈದ್ಯರು ಅವನನ್ನು ಪರೀಕ್ಷೆಯೇ ಮಾಡಿರಲಿಲ್ಲ, ಆಳುಕಾಳುಗಳ ಹೇಳಿಕೆ ಕೇಳಿ ಬರೆದದ್ದು. ಪಟ್ಟದಿಂದ ಇಳಿಸಿದರು. ಜೂನ್ 13ರ ಸಂಜೆ ವರದಿ ಬರೆದ ಡಾಕ್ಟರ್ ಗುಡೆನ್ ಜೊತೆ ಸ್ಟಾರ್ನ್‌ಬರ್ಗ್ ಸರೋವರದ ದಂಡೆಗೆ ವಾಕಿಂಗ್ ಹೋದವನು ವಾಪಸ್ ಬರಲಿಲ್ಲ. ಇಬ್ಬರ ಹೆಣವೂ ದಡದ ಹತ್ತಿರ, ಆಳವಿಲ್ಲದ ನೀರಿನಲ್ಲಿ ಸಿಕ್ಕವು. ಏನಾಯಿತು ಅನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಇದೆಲ್ಲ ನಿಜವಾದ ಇತಿಹಾಸ. ಜೆನ್ಸನ್ ಇದರ ಒಂದು ತಾರೀಖನ್ನೂ ಕದಲಿಸದೆ ಒಂದೇ ಒಂದು ಊಹೆ ಸೇರಿಸುತ್ತಾರೆ: ದೊರೆಗೆ ತೋಳ ಕಚ್ಚಿತ್ತು, ಅವನು ತೋಳಮನುಷ್ಯನಾಗಿದ್ದ. ಅಷ್ಟೇ ಸಾಕು, ರಾತ್ರಿಯ ಅಲೆದಾಟ, ಏಕಾಂತ, ವಾಗ್ನರ್ ಹುಚ್ಚು, ಸರೋವರದ ಸಾವು ಎಲ್ಲಕ್ಕೂ ಉತ್ತರ ಸಿಕ್ಕಿಬಿಡುತ್ತದೆ! ವರ್ತಮಾನದಲ್ಲಿ ಗೇಬ್ರಿಯಲ್ ಮ್ಯೂನಿಕ್ಕಿನ ಬೇಟೆಗಾರರ ಕ್ಲಬ್ಬಿನಲ್ಲಿ ತೋಳನನ್ನು ಹುಡುಕುತ್ತಾನೆ. ಗ್ರೇಸ್ ಇನ್ನೊಂದು ಕಡೆ ನೊಯ್‌ಶ್ವಾನ್‌ಸ್ಟೈನ್, ಬೈರೊಯ್ಟ್‌ನ ವಾಗ್ನರ್ ಮ್ಯೂಸಿಯಂ ಸುತ್ತುತ್ತಾ ಕಾಗದಪತ್ರ ಓದುತ್ತಾಳೆ. ಅಧ್ಯಾಯ ಬಿಟ್ಟು ಅಧ್ಯಾಯ ಅವನು, ಅವಳು. ವಾಗ್ನರ್ ಬರೆದು ಕಳೆದುಹೋದ ಒಂದು ಒಪೆರಾ ಇದೆ ಅಂತ ಕಥೆ, ಅದಕ್ಕೆ ಹೋಮ್ಸ್ ನಿಜವಾಗಿಯೂ ಒಂದು ತುಂಡು ಒಪೆರಾ ಬರೆದು ಹಾಡಿಸಿದ್ದಾರೆ. ಅರಮನೆಯ ಭಾಗದಲ್ಲಿ ನಾನು ಆಟ ನಿಲ್ಲಿಸಿ ಲುಡ್ವಿಗ್ ಬಗ್ಗೆ ರಾತ್ರಿ ಎರಡರವರೆಗೆ ಓದುತ್ತಾ ಕೂತೆ. ಪಾಪ ಅನ್ನಿಸಿತು. ಅವನನ್ನು ನೋಡದೇ ಅವನ ಕಾಯಿಲೆ ತೀರ್ಮಾನಿಸಿದ ಆ ವರದಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು. ತೋಳ ಅಲ್ಲ.

ಹೀಗೆ ಹೇಳಿದೆ ಅಂತ ಎರಡನೇ ಆಟದಲ್ಲಿ ಹುಚ್ಚು ಒಗಟು ಇಲ್ಲ ಅಂದುಕೊಳ್ಳಬೇಡಿ. ಕ್ಲಬ್ಬಿನ ಕಾವಲಿನವನ ಗಮನ ತಪ್ಪಿಸಲು ಕೋಗಿಲೆ ಗಡಿಯಾರ ಕೊಂಡು ತರಬೇಕು. ಪ್ರಾಣಿಸಂಗ್ರಹಾಲಯದ ಡಾಕ್ಟರ್ ಮಾತನ್ನು ರೆಕಾರ್ಡ್ ಮಾಡಿ, ಪದಗಳನ್ನು ಕತ್ತರಿಸಿ ಜೋಡಿಸಿ, ತೋಳಗಳನ್ನು ತೋರಿಸು ಅಂತ ಅವರೇ ಹೇಳಿದ ಹಾಗೆ ಸೃಷ್ಟಿಸಬೇಕು. ಕೊನೆಯದು ನನಗೆ ಬಹಳ ಹಿಡಿಸಿತು. ಬೆಕ್ಕಿನ ಮೀಸೆಯನ್ನು ಕಂಡು ನಕ್ಕ ಯಾರೂ ಕೋಗಿಲೆ ಗಡಿಯಾರವನ್ನು ಹಿಡಿದು ಬೈಯಲಿಲ್ಲ, ಯಾಕೆಂದರೆ ಆ ಆಟ ಗೆದ್ದಿತ್ತು.

*

ಈಗ ಸ್ವಲ್ಪ ಆಫೀಸು ಕಥೆ.

1996ರಲ್ಲಿ ಸಿಯೆರಾವನ್ನು ಸಿಯುಸಿ ಇಂಟರ್‌ನ್ಯಾಷನಲ್ ಎಂಬ ಕಂಪನಿ ಕೊಂಡುಕೊಂಡಿತು. ಸುಮಾರು 100 ಕೋಟಿ ಡಾಲರ್ ಬೆಲೆಯ ವ್ಯವಹಾರ, ಎಲ್ಲ ಷೇರಿನ ರೂಪದಲ್ಲಿ. ಸಿಯುಸಿ ಆಟ ಮಾಡುವ ಕಂಪನಿಯಲ್ಲ, ರಿಯಾಯಿತಿ ಶಾಪಿಂಗಿನ ಸದಸ್ಯತ್ವ ಮಾರುವ ಕಂಪನಿ. ಅದರ ಯಜಮಾನ ವಾಲ್ಟರ್ ಫೋರ್ಬ್ಸ್ ಮೊದಲೇ ಸಿಯೆರಾದ ಬೋರ್ಡಿನಲ್ಲಿ ಕೂತಿದ್ದ ಮನುಷ್ಯ. ಮಾರಾಟದ ಮರುವರ್ಷ ಕೆನ್ ವಿಲಿಯಮ್ಸ್ ಹೊರಗೆ ಹೋದರು. 1997ರ ಡಿಸೆಂಬರಿನಲ್ಲಿ ಸಿಯುಸಿ ಇನ್ನೊಂದು ಕಂಪನಿಯ ಜೊತೆ ಸೇರಿ ಸೆಂಡೆಂಟ್ ಆಯಿತು. 1998ರ ಏಪ್ರಿಲಿನಲ್ಲಿ ಬಾಂಬು ಬಿತ್ತು: ಸಿಯುಸಿಯ ಲೆಕ್ಕಪತ್ರಗಳೇ ಸುಳ್ಳು. ವರ್ಷಗಟ್ಟಲೆ ಇಲ್ಲದ ಲಾಭ ಬರೆದುಕೊಂಡು ಬಂದಿದ್ದರು. ಸೆಂಡೆಂಟ್ ಷೇರು ಒಂದೇ ದಿನದಲ್ಲಿ ಹತ್ತಿರ ಹತ್ತಿರ ಅರ್ಧ ಬೆಲೆ ಕಳೆದುಕೊಂಡಿತು. ಅಮೆರಿಕದ ಅಲ್ಲಿಯವರೆಗಿನ ದೊಡ್ಡ ಲೆಕ್ಕಪತ್ರ ಮೋಸಗಳಲ್ಲಿ ಒಂದು, ಎನ್ರಾನ್ ಬರುವುದಕ್ಕೂ ಮುಂಚೆ. (ನಮ್ಮವರಿಗೆ 2009ರ ಸತ್ಯಂ ನೆನಪಾಗಬಹುದು.) ಫೋರ್ಬ್ಸ್‌ಗೆ 2007ರಲ್ಲಿ ಹನ್ನೆರಡು ವರ್ಷ ಏಳು ತಿಂಗಳ ಜೈಲಾಯಿತು.

ಸೆಂಡೆಂಟ್ ಸಾಫ್ಟ್‌ವೇರ್ ವಿಭಾಗವನ್ನು ಫ್ರಾನ್ಸಿನ ಹವಾಸ್‌ಗೆ ಮಾರಿ ಕೈತೊಳೆದುಕೊಂಡಿತು. 1999ರ ಫೆಬ್ರವರಿ 22, ಸೋಮವಾರ, ಓಕ್‌ಹರ್ಸ್ಟ್‌ನ ಸ್ಟುಡಿಯೋವನ್ನು ಮುಚ್ಚಿದರು. ನೂರಕ್ಕೂ ಹೆಚ್ಚು ಜನ ಅಂದೇ ಮನೆಗೆ. ಅಷ್ಟು ಸಣ್ಣ ಊರಿನಲ್ಲಿ ಅವರಿಗೆ ಬೇರೆ ಯಾವ ಸಾಫ್ಟ್‌ವೇರ್ ಕೆಲಸ ಸಿಗಬೇಕು? ಸಿಯೆರಾದವರು ಆ ದಿನವನ್ನು ಇವತ್ತಿಗೂ 'ಗರಗಸದ ಸೋಮವಾರ' ಅನ್ನುತ್ತಾರೆ.

ಮೂರನೇ ಗೇಬ್ರಿಯಲ್ ನೈಟ್ ತಯಾರಾದದ್ದು ಈ ಗದ್ದಲದ ಕಾಲದಲ್ಲೇ. ಅದರ ಮೇಲೆ ಇನ್ನೊಂದು ಹೊರೆ. ವಿಡಿಯೋದ ಖಯಾಲಿ ಅಷ್ಟು ಹೊತ್ತಿಗೆ ಇಳಿದಿತ್ತು, ಈಗ ಎಲ್ಲರಿಗೂ ಬೇಕಾಗಿದ್ದು 3ಡಿ. ಮೊದಲ ಎರಡು ಆಟಗಳು ಓಡಿದ್ದು ಸಿಯೆರಾದ ಎಸ್‌ಸಿಐ ಎಂಬ ಹಳೆಯ ಎಂಜಿನ್ ಮೇಲೆ. ಜಾವಾ ಹುಟ್ಟುವುದಕ್ಕೂ ಮೊದಲೇ ಬೈಟ್‌ಕೋಡ್, ಆಬ್ಜೆಕ್ಟ್, ಇಂಟರ್‌ಪ್ರಿಟರ್ ಎಲ್ಲ ಇದ್ದ ಚೆಂದದ ವ್ಯವಸ್ಥೆ. ಎರಡನೇ ಆಟಕ್ಕೆ ಎಂಜಿನ್ ಉಳಿದರೂ ಅದರ ಮೇಲಿನ ಚಿತ್ರ, ನಟನೆ, ಕೆಲಸದ ಕ್ರಮ ಎಲ್ಲ ಹೊಸದು. ಮೂರನೆಯದಕ್ಕೆ ಎಂಜಿನ್ನೂ ಹೋಯಿತು, ಸೊನ್ನೆಯಿಂದ ಬರೆಯಬೇಕಾಯಿತು. ಆರು ವರ್ಷದಲ್ಲಿ ಮೂರು ಆಟ, ಮೂರೂ ಸಲ ಅಡಿಪಾಯದಿಂದ ಮನೆ ಕಟ್ಟಿದ ಹಾಗೆ. ಒಮ್ಮೆ ಕಲಿತದ್ದನ್ನು ಎರಡನೇ ಸಲ ಬಳಸುವ ಭಾಗ್ಯವೇ ಈ ತಂಡಕ್ಕೆ ಸಿಗಲಿಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗೆ ಕಥೆಗಿಂತ ತಂತ್ರಜ್ಞಾನ ಭಾರವಾಗುತ್ತಾ ಹೋಯಿತು. ಅಷ್ಟರಲ್ಲಿ 1998ರ ನವೆಂಬರಿನಲ್ಲಿ 'ಹಾಫ್-ಲೈಫ್' ಬಂದು ಆಟಗಳ ದಿಕ್ಕನ್ನೇ ತಿರುಗಿಸಿತು. ಅದನ್ನು ಪ್ರಕಟಿಸಿದ್ದು ಯಾರು ಗೊತ್ತೇ? ಇದೇ ಸಿಯೆರಾ. ಲಾಭ ಎಲ್ಲಿದೆ ಅಂತ ಹೊಸ ಯಜಮಾನರಿಗೆ ಪಕ್ಕದ ಟೇಬಲ್ಲೇ ತೋರಿಸುತ್ತಿತ್ತು.

ಮೀಸೆಯ ಮೂಲವೂ ಇಲ್ಲೇ ಇದೆ. ಆ ಜಾಗಕ್ಕೆ ಜೆನ್ಸನ್ ಯೋಚಿಸಿದ್ದ ಒಗಟು ಬೇರೆ. ಅದಕ್ಕೆ ಖರ್ಚು ಜಾಸ್ತಿ ಅಂತ ತೆಗೆದು, ನಿರ್ಮಾಣದ ಕಡೆಯವರು ಇದನ್ನು ತುಂಬಿಸಿದರಂತೆ. ಡೆಡ್‌ಲೈನ್ ಮುಂದಿಟ್ಟುಕೊಂಡು ತೇಪೆ ಹಾಕಿದ ಕೋಡು ನಾವು ಯಾರು ಬರೆದಿಲ್ಲ ಹೇಳಿ?

*

ವಿಚಿತ್ರ ಏನೆಂದರೆ, ಮೀಸೆ ಇರುವ ಆಟದಲ್ಲೇ ನನ್ನ ಮಟ್ಟಿಗೆ ಇಡೀ ಸರಣಿಯ ಅತ್ಯುತ್ತಮ ಒಗಟೂ ಇದೆ.

ಮೂರನೇ ಆಟ ನಡೆಯುವುದು ರೆನ್-ಲ-ಶಾತೋ ಎಂಬ ಹಳ್ಳಿಯಲ್ಲಿ, ಮೂರು ದಿನಗಳ ಕಥೆ. ಒಂದು ಮಗುವಿನ ಅಪಹರಣ, ರಕ್ತ ಹೀರಿದ ಹೆಣಗಳು, ಏಸುವಿನ ವಂಶ. ಈ ಹಳ್ಳಿಯೂ ನಿಜ. ಬೆರಾಂಜೆ ಸೊನಿಯೇರ್ ಎಂಬ ಪಾದ್ರಿ 1885ರಲ್ಲಿ ಇಲ್ಲಿಗೆ ಬಂದು, ಬಡ ಇಗರ್ಜಿಯನ್ನು ಜೀರ್ಣೋದ್ಧಾರ ಮಾಡಿ, ಬಾಗಿಲಲ್ಲಿ ದೆವ್ವದ ಪ್ರತಿಮೆ ಇಟ್ಟು, ತನಗೊಂದು ಬಂಗಲೆ, ಗೋಪುರ ಕಟ್ಟಿಸಿಕೊಂಡ. ದುಡ್ಡು ಎಲ್ಲಿಂದ ಬಂತು? ಲೆಕ್ಕವಿಲ್ಲದಷ್ಟು ಪೂಜೆಗಳಿಗೆ ಅಂಚೆಯಲ್ಲಿ ಹಣ ವಸೂಲಿ ಮಾಡಿದ್ದಕ್ಕೆ ಬಿಷಪ್ಪರು ಅವನ ಮೇಲೆ ವಿಚಾರಣೆ ನಡೆಸಿದ್ದರು. ಅಸಲು ಕಥೆ ಇಷ್ಟೇ. ಆದರೆ 1950ರ ದಶಕದಲ್ಲಿ ಆ ಬಂಗಲೆಯನ್ನು ಹೋಟೆಲ್ ಮಾಡಿದವನೊಬ್ಬ ಗಿರಾಕಿ ಬರಲಿ ಅಂತ ನಿಧಿಯ ಕಥೆ ಹಬ್ಬಿಸಿದ. ಆಮೇಲೆ ಪಿಯೇರ್ ಪ್ಲಾಂತಾರ್ ಎಂಬ ಮಹಾಶಯ ತಾನೇ ಫ್ರಾನ್ಸಿನ ಪ್ರಾಚೀನ ರಾಜವಂಶದ ಕುಡಿ ಅಂತ ಸಾಧಿಸಲು ಸುಳ್ಳು ದಾಖಲೆಗಳನ್ನು ತಯಾರಿಸಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೇ ಸೇರಿಸಿದ. 1982ರಲ್ಲಿ ಮೂವರು ಲೇಖಕರು ಅದನ್ನೆಲ್ಲ ನಂಬಿ ದೊಡ್ಡ ಪುಸ್ತಕ ಬರೆದರು. 2003ರಲ್ಲಿ 'ದ ಡಾ ವಿಂಚಿ ಕೋಡ್' ಬಂದು ಮನೆಮನೆಗೂ ತಲುಪಿತು, ಅದರ ಮೊದಲ ಹೆಣಕ್ಕೆ ಸೊನಿಯೇರ್ ಅಂತಲೇ ಹೆಸರು. ಜೆನ್ಸನ್ ಆಟ ಅದಕ್ಕಿಂತ ಮೂರು ವರ್ಷಕ್ಕೂ ಮೊದಲಿನದು ಅನ್ನುವುದನ್ನು ದಯವಿಟ್ಟು ಗಮನಿಸಿ.

ಆ ಸುಳ್ಳು ದಾಖಲೆಗಳಲ್ಲಿ 'ಲ ಸರ್ಪಾಂ ರೂಜ್', ಅಂದರೆ ಕೆಂಪು ಹಾವು, ಅಂತ ಒಂದು ಇದೆ. ರಾಶಿಗೊಂದರಂತೆ, ಮೇಲೊಂದು ಸೇರಿ ಹದಿಮೂರು ಭಾಗದ ಗದ್ಯಕಾವ್ಯ. ಆಟದಲ್ಲಿ ಗ್ರೇಸ್ 'ಸಿಡ್ನಿ' ಎಂಬ ಕಂಪ್ಯೂಟರಿನ ಮುಂದೆ ಕೂತು, ಒಂದೊಂದು ರಾಶಿಯ ಸಾಲು ಓದಿ, ಊರಿನ ನಕ್ಷೆಯ ಮೇಲೆ ಗೆರೆ, ವೃತ್ತ, ಚೌಕ, ಷಟ್ಕೋನದ ನಕ್ಷತ್ರ ಎಳೆಯುತ್ತಾ ಹೋಗಬೇಕು. ಬೆಟ್ಟ ಹತ್ತಿ ಜಾಗ ನೋಡಿ ಬರಬೇಕು, ಪೂಸ್ಸಾಂ ಬಿಡಿಸಿದ ಕುರುಬರ ಚಿತ್ರವನ್ನು ದಿಟ್ಟಿಸಬೇಕು. ನಾನು ಪೇಪರು, ಕಂಪಾಸು ತೆಗೆದುಕೊಂಡು ಕೂತೆ. ಎರಡು ವಾರಾಂತ್ಯ ಹೋಯಿತು. ಮೂಲ ದಾಖಲೆ ಅಪ್ಪಟ ಸುಳ್ಳು ಅಂತ ಗೊತ್ತಿದ್ದೂ, ಕೊನೆಯ ಗೆರೆ ಸರಿಯಾಗಿ ಕೂತಾಗ ಮೈ ಜುಮ್ಮೆಂದಿತು. ಮೋಸಗಾರನ ಕಾಗದದಿಂದ ಇಷ್ಟು ಪ್ರಾಮಾಣಿಕವಾದ ಒಗಟು ಮಾಡುವುದು ಸಣ್ಣ ಮಾತಲ್ಲ. ಮೀಸೆಯನ್ನು ಬೈದವರಲ್ಲಿ ಎಷ್ಟು ಜನ ಇಲ್ಲಿಯವರೆಗೆ ಬಂದಿದ್ದರೋ ಗೊತ್ತಿಲ್ಲ, ಮೀಸೆ ಬರುವುದು ಮೊದಲ ದಿನವೇ.

ಈಗ ಕೇಸಿಗೆ ಬರೋಣ. ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿ. ಕಂಪನಿ ಮಾರಿದ್ದು 1996. ಲೆಕ್ಕದ ಮೋಸ ಹೊರಬಿದ್ದದ್ದು 1998ರ ಏಪ್ರಿಲ್. ಓಕ್‌ಹರ್ಸ್ಟ್ ಮುಚ್ಚಿದ್ದು 1999ರ ಫೆಬ್ರವರಿ. ಬೆಕ್ಕಿನ ಮೀಸೆ ಜನರ ಕಣ್ಣಿಗೆ ಬಿದ್ದದ್ದು 1999ರ ನವೆಂಬರ್. ಕೊಲೆ ನಡೆದು ಒಂಬತ್ತು ತಿಂಗಳಾದ ಮೇಲೆ ಬಂದ ಆಯುಧ ಅದು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ. ವುಲ್ಪಾ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆ ಜಾತಿಯ ಆಟಗಳಲ್ಲಿ ತಲೆಬುಡವಿಲ್ಲದ ಒಗಟುಗಳು ಮೊದಲಿನಿಂದಲೂ ಇದ್ದವು, ಜನ ಬೇಸತ್ತಿದ್ದರು. ಆದರೆ ಆ ಒಗಟುಗಳಿದ್ದಾಗಲೂ ಆಟಗಳು ಮಾರಾಟವಾಗುತ್ತಿದ್ದವು. ದುಬಾರಿಯಾದದ್ದು ಪ್ರತಿ ಸಲ ಹೊಸದಾಗಿ ಕಟ್ಟುವ ಖರ್ಚು. ಕೈಕೊಟ್ಟದ್ದು ಆ ಖರ್ಚನ್ನು ತಾಳಿಕೊಂಡು ನಾಲ್ಕನೆಯದನ್ನೂ ಮಾಡಿ ಎನ್ನುವ ಮನೆ. ಮೀಸೆ ಯಾಕೆ ನೆನಪಿನಲ್ಲಿ ಉಳಿಯಿತು ಅಂದರೆ ಅದನ್ನು ಎರಡು ನಿಮಿಷದಲ್ಲಿ ಹೇಳಿ ನಗಿಸಬಹುದು. ಲೆಕ್ಕಪತ್ರದ ಮೋಸವನ್ನು ಹೇಳಿ ಯಾರನ್ನು ನಗಿಸುತ್ತೀರಿ?

ನಮ್ಮ ಪ್ರಾಡಕ್ಟ್ ಮುಚ್ಚಿದ ಮೇಲೆ ಚಹಾದ ಅಂಗಡಿಯಲ್ಲಿ ಒಂದು ಮಾತು ಓಡಾಡುತ್ತಿತ್ತು: ದೀಪಾವಳಿಗೆ ಮುಂಚೆ ಒಂದು ಕೆಟ್ಟ ರಿಲೀಸ್ ಹೋಯಿತಲ್ಲ, ಅದರಿಂದಲೇ ಎಲ್ಲ ಹಾಳಾಯಿತು. ಆ ರಿಲೀಸನ್ನು ಮರ್ಜ್ ಮಾಡಿದ್ದು ನಾನು. ಬಗ್ ಇದ್ದದ್ದು ನಿಜ, ನನ್ನದೇ. ನಾಲ್ಕು ಗಂಟೆಯಲ್ಲಿ ಸರಿ ಮಾಡಿದ್ದೆ. ಮಾತೃ ಕಂಪನಿ ಬೇಸಿಗೆಯಲ್ಲೇ ಮಾರಾಟವಾಗಿತ್ತು, ನಮ್ಮ ಬಜೆಟ್ಟು ಆಗಲೇ ನಿಂತಿತ್ತು ಅನ್ನುವುದು ನನಗೆ ಗೊತ್ತಾದದ್ದು ಕೊನೆಯ ವಾರದಲ್ಲಿ, ಒಬ್ಬ ಮ್ಯಾನೇಜರ್ ಬಾಯಿ ತಪ್ಪಿ ಹೇಳಿದಾಗ. ಅಷ್ಟು ತಿಂಗಳು ರಾತ್ರಿ ನಿದ್ದೆಗೆಟ್ಟಿದ್ದೆ. ಮೂರನೇ ಆಟ ಆಡುವಾಗ ಬೆಕ್ಕಿನ ಮೇಲೆ ನೀರು ಚಿಮುಕಿಸಿ, ಮೀಸೆ ಅಂಟಿಸಿಕೊಂಡು, ನನಗೆ ನಗು ಬರಲೇ ಇಲ್ಲ.

*

ಆಮೇಲೇನಾಯಿತು? ಜೆನ್ಸನ್ ಮೊದಲೆರಡು ಕಥೆಗಳನ್ನು ಕಾದಂಬರಿಯಾಗಿಯೂ ಬರೆದಿದ್ದರ ಜೊತೆಗೆ, 2010ರಲ್ಲಿ 'ಗ್ರೇ ಮ್ಯಾಟರ್' ಎಂಬ ಬೇರೆ ಆಟ ಮಾಡಿದರು. 2012ರಲ್ಲಿ ಜನರಿಂದ ಚಂದಾ ಎತ್ತಿ ಗಂಡನ ಜೊತೆ ಸ್ವಂತ ಸ್ಟುಡಿಯೋ ಶುರು ಮಾಡಿದರು. 2014ರಲ್ಲಿ ಮೊದಲ ಆಟವನ್ನು ಹೊಸ ಚಿತ್ರಗಳೊಂದಿಗೆ ಮತ್ತೆ ತಂದರು. ಟಿಮ್ ಕರಿ ಇಲ್ಲದ ಕಾರಣ ನನಗೆ ಹಳೆಯದೇ ವಾಸಿ. ಹೆಸರಿನ ಹಕ್ಕು ಅವರ ಹತ್ತಿರ ಇರಲೇ ಇಲ್ಲ. ಹವಾಸ್‌ನಿಂದ ವಿವೆಂಡಿ, 2008ರಲ್ಲಿ ಆಕ್ಟಿವಿಷನ್, 2023ರ ಅಕ್ಟೋಬರಿನಲ್ಲಿ ಆಕ್ಟಿವಿಷನ್ನನ್ನೇ ಕೊಂಡ ಮೈಕ್ರೋಸಾಫ್ಟ್, ಹೀಗೆ ಕೈಯಿಂದ ಕೈಗೆ ಹೋಗಿದೆ.

ಆಟಗಳು ಮಾತ್ರ ಬದುಕಿವೆ. ಸ್ಕಮ್‌ವಿಎಂ ಎಂಬ ಓಪನ್ ಸೋರ್ಸ್ ತಂಡದವರು ಎಸ್‌ಸಿಐ ಇಂಟರ್‌ಪ್ರಿಟರನ್ನು ತಾವೇ ಹೊಸದಾಗಿ ಬರೆದು, 2017ರ 2.0 ಆವೃತ್ತಿಯಿಂದ ಮೊದಲೆರಡು ಆಟಗಳನ್ನು ಇವತ್ತಿನ ಯಾವ ಕಂಪ್ಯೂಟರಿನಲ್ಲಾದರೂ ಓಡುವಂತೆ ಮಾಡಿದ್ದಾರೆ. ಯಾವ ಹಳೇ ಎಂಜಿನ್ನನ್ನು ಹಿಂದುಳಿದದ್ದು ಅಂತ ಬಿಸಾಕಿದರೋ ಅದರ ಆಟಗಳೇ ಸಲೀಸಾಗಿ ಓಡುತ್ತವೆ. ಕಷ್ಟ ಕೊಟ್ಟಿದ್ದು ಹೊಸ ಎಂಜಿನ್ನಿನ ಮೂರನೆಯದು, ಹೊಸ ವಿಂಡೋಸ್‌ನಲ್ಲಿ ಅದನ್ನು ಓಡಿಸಲು ನನಗೆ ಒಂದಿಡೀ ಸಂಜೆ ಬೇಕಾಯಿತು.

ನಾಲ್ಕನೇ ಆಟದಲ್ಲಿ ಭೂತಗಳ ಕಥೆ ಬರೆಯಬೇಕು ಅಂತ ಜೆನ್ಸನ್ ಯೋಚಿಸಿದ್ದರು, ಆಗಲಿಲ್ಲ. ಹಾಗಾಗಿ ಮೂರನೆಯದರ ಕೊನೆಯೇ ಸರಣಿಯ ಕೊನೆ. ಎಲ್ಲ ಮುಗಿದು, ರಕ್ತಪಿಶಾಚಿಯ ಕಥೆ ತೀರಿ, ಗೇಬ್ರಿಯಲ್ ಹೋಟೆಲಿನ ರೂಮಿಗೆ ವಾಪಸ್ ಬರುತ್ತಾನೆ. ಗ್ರೇಸ್ ಇಲ್ಲ. ಅವನಿಗೆ ಒಂದು ಕಾಗದ ಬರೆದಿಟ್ಟು ಹೊರಟುಹೋಗಿದ್ದಾಳೆ. ಅವಳು ಎಲ್ಲಿಗೆ ಹೋದಳು, ಇವನು ಹುಡುಕಿಕೊಂಡು ಹೋದನೇ, ಗೊತ್ತಿಲ್ಲ. 1999ರಿಂದ ಅವನು ಆ ಕಾಗದ ಹಿಡಿದುಕೊಂಡೇ ನಿಂತಿದ್ದಾನೆ.